ನಲವತ್ತು ನಿಮಿಷ ನೋಡಿದ ಸಿನಿಮಾ

ಪುಣೆ ಹತ್ತಿರದ ನಿಗಡಿಯ ಭಕ್ತಿ-ಶಕ್ತಿ ಚೌಕದಿಂದ ಚಾಕಣದ ನಮ್ಮ ಕಾರ್ಖಾನೆಯ ಗೇಟಿಗೆ ಕಂಪನಿ ಬಸ್ಸಿನಲ್ಲಿ ಹೆಚ್ಚುಕಡಿಮೆ ನಲವತ್ತು ನಿಮಿಷದ ದಾರಿ. ‘ಮೆಮೊರೀಸ್ ಆಫ್ ಮರ್ಡರ್’ ಎಂಬ ಕೊರಿಯಾದ ಸಿನಿಮಾವನ್ನು ನಾನು ನೋಡಿದ್ದು ಅಷ್ಟೇ ಹೊತ್ತು, ಕಿಟಕಿ ಪಕ್ಕದ ಸೀಟಿನಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ. ಗೇಟು ಬಂತು, ಮೊಬೈಲು ಕಿಸೆಗೆ ಹೋಯಿತು, ಉಳಿದ ಒಂದೂವರೆ ತಾಸಿನ ಸಿನಿಮಾ ಹಾಗೇ ಉಳಿಯಿತು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನ ಒಂದು ತಿಂಗಳಲ್ಲಿ ಆ ಸಿನಿಮಾದ ಬಗ್ಗೆ ಕಂಡಕಂಡವರಿಗೆ ಏನೆಲ್ಲ ಹೇಳಿದ ನಾನು, ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅದು 2019ರ ಮೇ ತಿಂಗಳು. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ‘ಪ್ಯಾರಸೈಟ್’ ಚಿತ್ರಕ್ಕೆ ಬಂದಿತ್ತು. ಕೊರಿಯಾದ ಸಿನಿಮಾಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ನಿರ್ದೇಶಕ ಬಾಂಗ್ ಜೂನ್ ಹೋ ಹೆಸರು ಎಲ್ಲೆಡೆ ಓಡಾಡತೊಡಗಿತು. ಅವನು 2003ರಲ್ಲಿ ಮಾಡಿದ ಈ ಪತ್ತೇದಾರಿ ಚಿತ್ರವೇ ಎಲ್ಲಕ್ಕಿಂತ ಮೇಲಿನದು ಎಂದು ಬಲ್ಲವರು ಬರೆದಿದ್ದನ್ನು ಓದಿದೆ. ಅಮೆರಿಕದ ನಿರ್ದೇಶಕ ಟ್ಯಾರಂಟಿನೊ 2009ರಲ್ಲಿ ಹೇಳಿದ ತನ್ನ ಮೆಚ್ಚಿನ 20 ಚಿತ್ರಗಳಲ್ಲಿ ಇದೂ ಒಂದು ಎಂದು ತಿಳಿಯಿತು. ಕೊನೆಯ ದೃಶ್ಯದಲ್ಲಿ ಪತ್ತೇದಾರ ನೇರ ಕ್ಯಾಮೆರಾದ ಕಡೆಗೆ, ಅಂದರೆ ನಮ್ಮ ಕಡೆಗೇ ನೋಡುತ್ತಾನೆ. ಕೊಲೆಗಾರ ಇನ್ನೂ ಸಿಕ್ಕಿಲ್ಲ, ಅವನು ಥಿಯೇಟರಿನಲ್ಲೇ ಕುಳಿತಿರಬಹುದು ಎಂಬುದು ಆ ನೋಟದ ಅರ್ಥ ಎಂದೂ ಓದಿದೆ. ಓದಿದ್ದನ್ನು ನೋಡಿದ್ದೆಂಬಂತೆ ಕ್ಯಾಂಟೀನಿನಲ್ಲಿ ಹೇಳಿದೆ. ಕೇಳುವವರ ಕಣ್ಣು ಅರಳಿದವು. ಮರುದಿನ ಇನ್ನಷ್ಟು ಓದಿ ಇನ್ನಷ್ಟು ಹೇಳಿದೆ.

ಇದಕ್ಕೆ ಪುಣೆಯ ಗಾಳಿಯೂ ಸ್ವಲ್ಪ ಕಾರಣ. ಲಾ ಕಾಲೇಜ್ ರಸ್ತೆಯಲ್ಲಿ 1964ರಿಂದ ಫಿಲ್ಮ್ ಆರ್ಕೈವ್ ಇದೆ, ಅಲ್ಲೇ ಹತ್ತಿರದಲ್ಲಿ ನಮ್ಮ ಗಿರೀಶ ಕಾಸರವಳ್ಳಿ ಓದಿದ, ಗಿರೀಶ ಕಾರ್ನಾಡ ನಿರ್ದೇಶಕರಾಗಿದ್ದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ನಿಗಡಿಯಿಂದ ಎರಡು ಬಸ್ಸು ಬದಲಿಸಿ ಆರ್ಕೈವಿನ ಪ್ರದರ್ಶನಗಳಿಗೆ ನಾಲ್ಕೈದು ಸಲ ಹೋಗಿದ್ದೆ. ಸಿನಿಮಾ ಶುರುವಾಗುವ ಮೊದಲು ಯಾರಾದರೊಬ್ಬರು ಎದ್ದು ನಿಂತು, ಕಾಗದ ಹಿಡಿಯದೆ, ತೂಕದ ಮಾತಾಡುತ್ತಿದ್ದರು. ಅಲ್ಲಿ ನೋಡಿದ ಸಿನಿಮಾಗಳಿಗಿಂತ ಹೆಚ್ಚಾಗಿ ನನ್ನೊಳಗೆ ಉಳಿದದ್ದು ಹಾಗೆ ಎದ್ದು ನಿಂತು ಮಾತಾಡುವ ಆಸೆ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಆರೇಳು ಕನ್ನಡದ ಮನೆಗಳಿವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಿಗೆ ಬಂದವರು. ಜೂನ್ ಕೊನೆಯ ವಾರ ತುಕಾರಾಮರ ಪಾಲಕಿ ದೇಹೂದಿಂದ ಹೊರಟು ನಮ್ಮ ಚೌಕ ದಾಟಿ ಆಕುರ್ಡಿಗೆ ಹೋಯಿತು. ಅದರ ಹಿಂದೆಯೇ ಮಳೆ ಹಿಡಿಯಿತು. ಭಾನುವಾರ ಇಂಗ್ಲೆಂಡಿನ ಜೊತೆ ಭಾರತದ ವಿಶ್ವಕಪ್ ಪಂದ್ಯ. ಹಾಗಾಗಿ ಶನಿವಾರ ಸಂಜೆಯೇ ಎಲ್ಲರೂ ನಮ್ಮ ಮನೆಗೆ ಬರಬೇಕು, ಸಿನಿಮಾ ತೋರಿಸುತ್ತೇನೆ ಅಂದೆ. ಹೊಸ ದೊಡ್ಡ ಟಿವಿ ಇತ್ತು, ಗೆಳೆಯನೊಬ್ಬನಿಂದ ಡಿವಿಡಿ ತರಿಸಿದ್ದೆ. ಹೆಂಡತಿ ಗಿರ್ಮಿಟ್ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದಿದ್ದಳು. ಒಂಬತ್ತು ಜನ ಬಂದರು. ಅವರಲ್ಲಿ ಜಮಖಂಡಿ ಕಡೆಯ ಹವಾಲ್ದಾರ್ ಕಾಕಾ ಒಬ್ಬರು. ಕರ್ನಾಟಕದ ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ, ಮೂರನೇ ಮಹಡಿಯಲ್ಲಿ ಮಗನ ಜೊತೆಗಿದ್ದವರು. ಮಾತು ಕಡಿಮೆ.

ನಾನು ಟಿವಿಯ ಪಕ್ಕ ಎದ್ದು ನಿಂತು ಅರ್ಧ ತಾಸು ಮಾತಾಡಿದೆ. 1986ರಿಂದ 1991ರವರೆಗೆ ಕೊರಿಯಾದ ಹ್ವಾಸೊಂಗ್ ಎಂಬ ಭತ್ತದ ಸೀಮೆಯಲ್ಲಿ ಹತ್ತು ಹೆಣ್ಣುಮಕ್ಕಳ ಕೊಲೆಯಾದದ್ದು, ಕೊಲೆಗಾರ ಸಿಗದೇ ಉಳಿದದ್ದು, ಬಾಂಗ್ ಜೂನ್ ಹೋ ಅದರ ಮೇಲೆ ಕತೆ ಕಟ್ಟಿದ್ದು, ಎಲ್ಲ ಹೇಳಿದೆ. ಕೊನೆಯ ನೋಟವನ್ನೂ ಬಿಡಲಿಲ್ಲ. ಬಜ್ಜಿ ತಣ್ಣಗಾದವು.

ಸಿನಿಮಾ ಶುರುವಾದ ಮೇಲೂ ಬಾಯಿ ಮುಚ್ಚಲಿಲ್ಲ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳು ಕಾಕಾಗೂ ಇನ್ನಿಬ್ಬರಿಗೂ ಓದಲು ಬರುತ್ತಿರಲಿಲ್ಲ. ಅವುಗಳನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಹೇಳುತ್ತ ಹೇಳುತ್ತ ಸಾಲು ಬಿಟ್ಟು ನನ್ನ ಮಾತೇ ಹೆಚ್ಚಾಯಿತು. ಗದ್ದೆಯಲ್ಲಿ ಸಿಕ್ಕ ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹಾದುಹೋಗುವ ದೃಶ್ಯ ಬಂದಾಗ ರಿಮೋಟ್ ಒತ್ತಿ ನಿಲ್ಲಿಸಿ, ಇಲ್ಲಿ ಕ್ಯಾಮೆರಾ ಒಂದೂ ಸಲ ತುಂಡಾಗಿಲ್ಲ, ಗಮನಿಸಿ ಅಂದೆ. ಆಗ ಕಾಕಾ ಮೆಲ್ಲಗೆ ಅಂದರು: “ಅವರು ಏನಂದ್ರು, ಅಷ್ಟ ಹೇಳು ತಮ್ಮಾ.”

ಸಿನಿಮಾದಲ್ಲಿ ಒಬ್ಬ ಹುಡುಗ ಬರುತ್ತಾನೆ. ಬುದ್ಧಿ ಪೂರ್ತಿ ಬೆಳೆದಿಲ್ಲ, ಮುಖದ ಮೇಲೆ ಸುಟ್ಟ ಕಲೆ. ಮನುಷ್ಯನ ಕಣ್ಣು ನೋಡಿದರೇ ಕಳ್ಳ ಯಾರೆಂದು ಹೇಳಬಲ್ಲೆ ಎಂದು ನಂಬಿದ ಹಳ್ಳಿಯ ಪತ್ತೇದಾರ ಅವನನ್ನು ಹಿಡಿದು ತರುತ್ತಾನೆ. ಹೊಡೆಯುತ್ತಾರೆ, ಬೆದರಿಸುತ್ತಾರೆ, ಅವನದೇ ಬೂಟಿನಿಂದ ಸುಳ್ಳು ಹೆಜ್ಜೆಗುರುತು ಒತ್ತುತ್ತಾರೆ. ಆಮೇಲೆ ಬಿಟ್ಟುಬಿಡುತ್ತಾರೆ. ನಾನು ಬಸ್ಸಿನಲ್ಲಿ ನೋಡಿದ್ದು ಇಲ್ಲಿಗೆ ಮುಗಿದಿತ್ತು.

“ಆ ಹುಡುಗ ಮುಂದ ಆರಾಮ ಇರ್ತಾನಲ್ಲಾ?” ಕಾಕಾ ಕೇಳಿದರು.

“ಇರ್ತಾನ್ರಿ ಕಾಕಾ. ಅವನ ಕತಿ ಅಲ್ಲಿಗೇ ಮುಗೀತು, ಮತ್ತ ಬರೂದಿಲ್ಲ.”

“ನೀ ಎಷ್ಟ ಸಲ ನೋಡೀದಿ ಇದನ್ನ?”

“ಮೂರು ಸಲ ನೋಡೇನ್ರಿ” ಅಂದೆ. ಆ ಸಂಖ್ಯೆ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಲ ಎಂದಿದ್ದರೂ ಅದು ಸುಳ್ಳೇ ಆಗುತ್ತಿತ್ತು, ಆದರೆ ಚಿಕ್ಕ ಸುಳ್ಳಾಗುತ್ತಿತ್ತು.

ಹುಡುಗ ಮತ್ತೆ ಬಂದ. ಕೊಲೆಯನ್ನು ಕಣ್ಣಾರೆ ಕಂಡವನು ಅವನೊಬ್ಬನೇ ಎಂದು ಪೊಲೀಸರಿಗೆ ಆಗ ಹೊಳೆದಿತ್ತು. ಅವನನ್ನು ಹುಡುಕಿಕೊಂಡು ಹೋದರು. ಇವರನ್ನು ಕಂಡರೆ ಪೆಟ್ಟೇ ನೆನಪಾಗುವ ಹುಡುಗ ಹೆದರಿ ಓಡಿದ, ರೈಲು ಹಳಿಯ ಮೇಲೆ ನಿಂತ. ರೈಲು ಬಂತು.

ಕೋಣೆಯಲ್ಲಿ ಮಳೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನನಗೆ ಆ ಹುಡುಗನ ಸಾವು ತಟ್ಟಲೇ ಇಲ್ಲ. ಕಾಕಾ ಈಗ ನನ್ನ ಕಡೆ ತಿರುಗುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ತಿರುಗಿದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಮೂವತ್ತು ವರ್ಷ ಸುಳ್ಳು ಹೇಳುವವರ ಎದುರು ಕುಳಿತ ಮನುಷ್ಯ ನನ್ನನ್ನು ಒಂದು ಗಳಿಗೆ ನೋಡಿ, ಮತ್ತೆ ಟಿವಿಯ ಕಡೆ ತಿರುಗಿದರು. ಕಿವಿ ಬಿಸಿಯಾಗಿ, ರಿಮೋಟ್ ಹಿಡಿದ ಕೈ ಬೆವರಿತು. ಅಲ್ಲಿಂದ ಮುಂದೆ ನಾನು ಸಾಲುಗಳನ್ನಷ್ಟೇ ಓದಿ ಹೇಳಿದೆ. ಒಬ್ಬೊಬ್ಬರಾಗಿ ಕೆಲವರು ಎದ್ದು ಹೋದರು. ಕೊಲೆಗಾರ ಸಿಗುವುದಿಲ್ಲ ಎಂದು ನಾನೇ ಹೇಳಿಬಿಟ್ಟಿದ್ದೆನಲ್ಲ, ಅವರು ಯಾತಕ್ಕೆ ಕೂರಬೇಕು? ಕೊನೆಯ ನೋಟ ಬಂದಾಗ ಉಳಿದವರು ನಾವು ಮೂವರೇ: ನಾನು, ಹೆಂಡತಿ, ಕಾಕಾ. ಒಂದು ತಿಂಗಳು ಊರಿಗೆಲ್ಲ ವರ್ಣಿಸಿದ ಆ ನೋಟವನ್ನು ನಾನೂ ಆಗಲೇ ಮೊದಲ ಸಲ ನೋಡಿದ್ದು. ಆದರೆ ಓದಿದ ಮಾತುಗಳು ನಡುವೆ ಅಡ್ಡ ನಿಂತು ಏನೂ ಕಾಣಲಿಲ್ಲ.

ಚಹಾ ಕುಡಿಯುತ್ತ ಕಾಕಾ ಅಂದರು: “ಒದೆಯೂ ಮೊದಲ ಬೂಟಿಗೆ ಅರಿವಿ ಚೀಲ ಹಾಕ್ಕೊಂತಾನಲ್ಲ ಒಬ್ಬ. ಗುರುತು ಮೂಡಬಾರದಂತ. ಅದು ಖರೇ ಐತಿ.” ನಾನು ಎಲ್ಲೆಲ್ಲೋ ಓದಿದ ಹೊಗಳಿಕೆಯಲ್ಲಿ ಆ ಬೂಟಿನ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಅವರು ಒಂದು ಕತೆ ಹೇಳಿದರು. ಊರು, ಠಾಣೆ ಹೇಳಲಿಲ್ಲ. ಹೊಲದ ಪಂಪ್‌ಸೆಟ್ಟಿನ ಮೋಟಾರು ಕಳುವಾಗಿತ್ತು. ಒಬ್ಬ ಕೂಲಿ ಹುಡುಗನನ್ನು ತಂದರು. ಮೂರನೇ ದಿನ, ನಾನೇ ಕದ್ದೆ, ಬಾವಿಗೆ ಎಸೆದೆ ಅಂದ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಆಗ ಅದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಗಿತ್ತು. ಆದರೆ ಅವನು ಹೇಳಿದ ಜಾಗದಲ್ಲಿ ಮಾಲು ಸಿಕ್ಕರೆ, ಅದರ ಮಟ್ಟಿಗಿನ ಮಾತು ನಡೆಯುತ್ತದೆ. ಅದು ಆಗ 27ನೇ ಕಲಮಾಗಿತ್ತು. ಅದಕ್ಕೇ ಪಂಚರನ್ನು ಕರೆದುಕೊಂಡು ಹೋಗಿ ಬಾವಿ ಜಾಲಾಡಿದರು. ಬಾವಿಯಲ್ಲಿ ಕೆಸರು ಬಿಟ್ಟು ಏನೂ ಇರಲಿಲ್ಲ. ಕೆಲವು ತಿಂಗಳಿಗೆ ಮೋಟಾರು ಬೇರೆ ಊರಿನಲ್ಲಿ, ಬೇರೆಯವನ ಹತ್ತಿರ ಸಿಕ್ಕಿತು. ಹುಡುಗ ಅಷ್ಟರಲ್ಲಿ ಊರು ಬಿಟ್ಟಿದ್ದ.

“ನಾ ಕೈ ಮಾಡಲಿಲ್ಲ” ಅಂದರು ಕಾಕಾ. “ಬಾಗಲಾ ಕಾಯಾಕ ನಿಂತಿದ್ದೆ.” ಬಸಿಯಲ್ಲಿದ್ದ ಚಹಾ ಮುಗಿಸಿ ಎದ್ದು ಹೋದರು.

ಮರುದಿನ ಭಾರತ ಸೋತಿತು. ಎಲ್ಲರೂ ಮಲಗಿದ ಮೇಲೆ ನಾನು ಒಬ್ಬನೇ ಕುಳಿತು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ, ಒಂದೂ ಕಡೆ ನಿಲ್ಲಿಸದೆ ನೋಡಿದೆ. ಅಷ್ಟೊಂದು ಹೊಗಳಿಕೆಗೆ ಅದು ತಕ್ಕುದೇ? ಈಗ ಕೇಳಿದರೆ ನನ್ನ ಕಣ್ಣಿಗೆ ಕಂಡದ್ದನ್ನು ಹೇಳಬಲ್ಲೆ. ಮೊದಲ ಭಾಗ ಒರಟು. ಒದೆಯುವುದನ್ನೂ ನಗೆಯಂತೆ ತೋರಿಸುತ್ತದೆ. ನಾವು ನಗುತ್ತೇವೆ, ಆ ನಗು ರೈಲು ಬಂದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಯೋಲ್‌ನಿಂದ ಬಂದ ಪತ್ತೇದಾರ ಕಾಗದಪತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು. ಅಮೆರಿಕದಿಂದ ಬಂದ ಡಿಎನ್ಎ ವರದಿ ಕೈಕೊಟ್ಟಾಗ, ಮಳೆಯಲ್ಲಿ, ಸುರಂಗದ ಬಾಯಲ್ಲಿ, ಕೈಗೆ ಸಿಕ್ಕವನನ್ನು ಗುಂಡಿಕ್ಕಿ ಕೊಲ್ಲಲು ನಿಲ್ಲುವವನು ಅವನೇ. ತಡೆಯುವವನು ಹಳ್ಳಿಯ ಹೊಡೆಬಡಿಯ ಪತ್ತೇದಾರ. ಆ ಪಾತ್ರ ಮಾಡಿದ ಸಾಂಗ್ ಕಾಂಗ್ ಹೋನ ಮುಖದಲ್ಲಿ ಆಗ ಮೂಡುವ ದಣಿವಿಗೆ ಎಷ್ಟು ಹೊಗಳಿಕೆಯೂ ಸಲ್ಲುತ್ತದೆ. ಆದರೆ ಒಂದು ಕೊರತೆ ನನ್ನ ಹೆಂಡತಿಗೆ ಕಂಡಿತ್ತು. “ಸತ್ತ ಹೆಣ್ಣುಮಕ್ಕಳು ಯಾರು ಏನು ಅಂತ ಒಂದೂ ಗೊತ್ತಾಗಲಿಲ್ಲ ನೋಡ್ರಿ” ಅಂದಿದ್ದಳು. ಅದು ನಿಜ. ಅವರು ಮೈಯಾಗಿ ಸಿಗುತ್ತಾರೆ, ಮನುಷ್ಯರಾಗಿ ಸಿಗುವುದು ಕಡಿಮೆ.

ಆ ಸಂಜೆಯನ್ನು ನೆನೆದಾಗ ಹೆಗ್ಗೋಡು ನೆನಪಾಗುತ್ತದೆ. 1970ರ ದಶಕದಲ್ಲಿ ಅಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ, ಜಪಾನಿನ ಕುರೊಸಾವನ ‘ರಾಶೊಮಾನ್’ನಂಥ ಚಿತ್ರಗಳನ್ನು ಹಳ್ಳಿಯ ಜನಕ್ಕೆ ತೋರಿಸಿತ್ತು. ಅದೂ ಒಂದು ಕೊಲೆಯ ಕತೆಯೇ. ಜನ ತಮ್ಮ ಬದುಕನ್ನು ಹಿಡಿದುಕೊಂಡೇ ಅದರ ಎದುರು ಕುಳಿತಿರಬೇಕು, ಕಾಕಾ ನನ್ನ ಮನೆಯಲ್ಲಿ ಕುಳಿತಂತೆ. ಅವರ ಮತ್ತು ಪರದೆಯ ನಡುವೆ ಎದ್ದು ನಿಂತವನು ನಾನು.

ಸೆಪ್ಟೆಂಬರ್‌ನಲ್ಲಿ ಸುದ್ದಿ ಬಂತು. ಹ್ವಾಸೊಂಗ್‌ನ ಕೊಲೆಗಾರ ಡಿಎನ್ಎ ಪರೀಕ್ಷೆಯಲ್ಲಿ ಪತ್ತೆಯಾಗಿದ್ದ. 1994ರಲ್ಲಿ ಹೆಂಡತಿಯ ತಂಗಿಯನ್ನು ಕೊಂದು ಆಗಲೇ ಜೈಲಿನಲ್ಲಿದ್ದವನು. ಹಳೆಯ ಕೊಲೆಗಳಿಗೆ ಶಿಕ್ಷೆ ಕೊಡುವ ಕಾಲಮಿತಿ ಮೀರಿಹೋಗಿತ್ತು. ನಾನು ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಹೋಗಿ ಕಾಕಾಗೆ ಹೇಳಿದೆ. ಮೂರು ಸಲ ನೋಡಿದ್ದೇನೆ ಅಂದದ್ದು ಸುಳ್ಳು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದೆ. ಆ ಎರಡನೆಯದಕ್ಕೆ ಅವರು, ಗೊತ್ತಿದೆ ಎಂಬಂತೆ ಕೈಯಾಡಿಸಿದರು. ಮೊದಲನೆಯದಕ್ಕೆ ಕೇಳಿದ್ದು ಒಂದೇ: “ಅವನ ಬದಲಿ ಯಾರರೆ ಜೇಲಿಗೆ ಹೋಗಿದ್ದರೇನು?”

ಹೋಗಿದ್ದ. ಎಂಟನೇ ಕೊಲೆಗೆ 1989ರಲ್ಲಿ ಒಬ್ಬ ಯುವಕನನ್ನು ಹಿಡಿದಿದ್ದರು. ಆಗ ಅವನಿಗೆ 22 ವರ್ಷ, ಪೋಲಿಯೊದಿಂದ ಕಾಲು ಕುಂಟು. ನಿದ್ದೆಗೆಡಿಸಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು. ಇಪ್ಪತ್ತು ವರ್ಷದಷ್ಟು ಜೈಲಿನಲ್ಲಿದ್ದ. ಆ ಸಿನಿಮಾ ತೆರೆಗೆ ಬಂದಾಗಲೂ ಒಳಗೇ ಇದ್ದ. ಎಲ್ಲರೂ ಕೊಲೆಗಾರನನ್ನು ಹುಡುಕುತ್ತಿದ್ದ ಆ ಸಿನಿಮಾದಲ್ಲಿ, ಕಾಕಾ ಮೊದಲಿನಿಂದ ಹುಡುಕುತ್ತಿದ್ದದ್ದು ಇವನನ್ನೇ ಇರಬೇಕು.

2020ರ ಡಿಸೆಂಬರ್‌ನಲ್ಲಿ ಮರುವಿಚಾರಣೆ ಮುಗಿದು ನ್ಯಾಯಾಲಯ ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಕಾಕಾ ಲಾಕ್‌ಡೌನ್ ಹೊತ್ತಿನಲ್ಲೇ ಊರಿಗೆ ಹೋಗಿದ್ದರು. ಫೋನ್ ಮಾಡಿ ಹೇಳಿದೆ.

“ಈಗ ಅವಗ ವಯಸ್ಸೆಷ್ಟು?”

“ಐವತ್ಮೂರ್ರಿ.”

ಆ ಕಡೆ ಬಹಳ ಹೊತ್ತು ಮಾತಿಲ್ಲ. ದನದ ಕೊರಳ ಗಂಟೆ ಕೇಳುತ್ತಿತ್ತು. ಆಮೇಲೆ ಅಂದರು: “ನಮ್ಮ ಅಣ್ಣನ ಮೊಮ್ಮಗ ಪಿಎಸ್ಐ ಪರೀಕ್ಷಾಕ್ಕ ಓದಾಕತ್ಯಾನ. ಅವಗ ಆ ಪಿಚ್ಚರ್ ತೋರಸಬೇಕಂತ ಮಾಡೇನಿ. ಹೆಸರು ಏನಂದಿ ಅದರದು?”

ಹೆಸರು ಹೇಳಿದೆ. ಅವರು ಒಂದೊಂದೇ ಅಕ್ಷರ ಕೇಳಿ ಕನ್ನಡದಲ್ಲಿ ಬರೆದುಕೊಂಡರು.

“ಮತ್ತೇನರೆ ಹೇಳೂದೈತೇನು ಅವಗ?”

“ಇಲ್ರಿ ಕಾಕಾ” ಅಂದೆ. “ಅಂವ ನೋಡ್ಲಿ.”