ಬಾಗಲಕೋಟಿಯಿಂದ ಬೆಂಗಳೂರಿಗೆ, ನಿಂತು ನಿಂತು

ವಯಸ್ಸಾದೋರನ್ನ ಕರಕೊಂಡು ಐನೂರು ಕಿಲೋಮೀಟರ್ ಕಾರಿನ್ಯಾಗ ಹೋಗೂದು ಒಂದೇ ಓಟದಾಗ ಮುಗಿಸೂ ಕೆಲಸ ಅಲ್ಲ. ಎರಡು ತಾಸಿಗೊಮ್ಮೆ ಇಳೀಬೇಕು, ಕಾಲು ಆಡಿಸಬೇಕು, ಬಚ್ಚಲಕ್ಕ ಹೋಗಬೇಕು. ಹೆಂಗೂ ನಿಲ್ಲೂದು ಐತಿ ಅಂದಮ್ಯಾಲೆ ಪೆಟ್ರೋಲ್ ಬಂಕಿನ ಮುಂದ ಯಾಕ ನಿಲ್ಲಬೇಕು? ನಮ್ಮ ಹಾದಿಯಾಗ ಗುಡಿ, ಕೋಟಿ ಏನು ಕಡಿಮಿ ಅದಾವೇನು? ಈ ಸಲ ಅತ್ತಿಯವ್ರನ್ನ ಬಾಗಲಕೋಟಿಯಿಂದ ಬೆಂಗಳೂರಿಗೆ ಕರಕೊಂಡು ಬರೂವಾಗ ಹಂಗೇ ಮಾಡಿದ್ವಿ.

ಅದು ಹೋಗಿ ಬರೂ ಪ್ರಯಾಣ ಆಗಿರಲಿಲ್ಲ. ಮಾವನವ್ರು ತೀರಿಕೊಂಡಮ್ಯಾಲೆ ಎರಡು ವರ್ಷ ಒಬ್ಬರೇ ಇದ್ರು, ಈಗ ಮನಿ ಖಾಲಿ ಮಾಡಿ ನಮ್ಮ ಜೋಡಿ ಇರಾಕ ಹೊಂಟಿದ್ರು. ಒಮ್ಮೆ ಆಲಮಟ್ಟಿ ಹಿನ್ನೀರು ಬರತೈತಂತ ಹಳೇ ಬಾಗಲಕೋಟಿ ಮನಿ ಬಿಟ್ಟು ನವನಗರಕ್ಕ ಬಂದಿದ್ರು, ಇದು ಎರಡನೇ ಸಲ. ಸಾಮಾನಿನ ಲಾರಿ ಹಿಂದಿನ ರಾತ್ರಿನೇ ಹೋಗಿತ್ತು. ಮೂರು ದಿನದಿಂದ ಅವರು ಹೂಂ, ಉಹೂಂ ಬಿಟ್ಟರ ಬೇರೆ ಮಾತಾಡಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಬಿಟ್ಟು ಮೊದಲು ಪಟ್ಟದಕಲ್ಲಿಗೆ ಹೋದ್ವಿ. ಬಿಸಿಲು ಏರೂದ್ರಾಗ ಹೋಗಬೇಕು, ಕಲ್ಲು ಕಾಯ್ದರ ಬರಿಗಾಲಿಲೆ ನಡಿಯಾಕ ಆಗೂದಿಲ್ಲ. ನೆಲ ಬಹಳಷ್ಟು ಸಪಾಟ ಐತಿ, ಮೊಣಕಾಲು ನೋವಿನವ್ರೂ ನಿಧಾನಕ ಎಲ್ಲಾ ಗುಡಿ ನೋಡಬಹುದು. "ಅತ್ತಿಯವ್ರ, ಇಲ್ಲಿಗೆ ಎಷ್ಟು ಸಲ ಬಂದೀರಿ?" ಅಂತ ಕೇಳಿದೆ. "ಯಾವಾಗ ಬರ್ಲಿ ಯವ್ವಾ? ಮನಿಗೆ ಬಂದ ಬೀಗರು, ಬಿಜ್ಜರು ಎಲ್ಲಾರೂ ನೋಡಾಕ ಹೊಂಟ್ರ ಅವರಿಗೆ ಬುತ್ತಿ ಕಟ್ಟಿ ಕೊಟ್ಟೀನಿ. ನಾ ಬಂದಿಲ್ಲ," ಅಂದ್ರು. ಐವತ್ತು ವರ್ಷ ಬರೇ ಒಂದು ತಾಸಿನ ಹಾದಿಯಾಗ ಇದ್ದಾಕಿ!

1987ರಾಗ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು ಅದು. ಅಲ್ಲಿಯ ದೊಡ್ಡ ಗುಡಿ ವಿರೂಪಾಕ್ಷಂದು, ಇವತ್ತಿಗೂ ಪೂಜಿ ನಡೀತೈತಿ. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು 740ರ ಹೊತ್ತಿಗೆ ಕಟ್ಟಿಸಿದ್ದು. ಆಗ ಆಕಿ ಹೆಸರಿನ ಮ್ಯಾಲೇ ಲೋಕೇಶ್ವರ ಅಂತಿದ್ರು. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಶಾಸನದಾಗ ಕೆತ್ತಿಸ್ಯಾರ. ಬಾಜೂಕ ಇರೂ ಮಲ್ಲಿಕಾರ್ಜುನ ಗುಡಿ ತಂಗಿ ತ್ರೈಲೋಕ್ಯಮಹಾದೇವೀದು, ಆಕೀನೂ ಅದೇ ರಾಜನ ರಾಣಿ. ಎರಡೂ ಗುಡಿ ನೋಡಾಕ ಒಂದೇ ಥರ, ತಂಗೀದು ತುಸು ಸಣ್ಣದು. ಅತ್ತಿಯವ್ರು ಎರಡನ್ನೂ ಬಗ್ಗಿ ಬಗ್ಗಿ ನೋಡಿ, "ಅಕ್ಕ ಇಳಕಲ್ಲ ಸೀರಿ ತಗೊಂಡ್ರ ತಂಗಿಗೂ ಅದೇ ಅಂಚಿನದು ಬೇಕು," ಅಂದು ನಕ್ಕರು. ಮೂರು ದಿನದಾಗ ನಕ್ಕಿದ್ದು ಅದೇ ಮೊದಲು.

ಬಾದಾಮಿ ಮೇಣಬಸದಿಗೆ ಮೆಟ್ಟಲ ಭಾಳ, ಕೆಳಗಿಂದನೇ ಕೈ ಮುಗಿದು ಮುಂದ ಬನಶಂಕರಿಗೆ ಬಂದ್ವಿ. ಅಲ್ಲಿ ಅತ್ತಿಯವ್ರದೇ ಕಾರಭಾರ. ಉಡಿ ತುಂಬಿ, ಹೊಂಡದ ಕಟ್ಟಿ ಮ್ಯಾಲೆ ಭಾಳ ಹೊತ್ತು ಕೂತ್ರು. ಏನು ಬೇಡಿಕೊಂಡ್ರೋ ನಾ ಕೇಳಲಿಲ್ಲ. ಊಟಕ್ಕ ಹೋಟೆಲ್ ಹುಡುಕೂದು ಬ್ಯಾಡ, ಗುಡಿ ಮುಂದ ಹೆಣಮಕ್ಕಳು ಬುಟ್ಟಿಯೊಳಗ ಜ್ವಾಳದ ರೊಟ್ಟಿ, ಕಾಳಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮಸರು ತಂದು ಕೂಡ್ಸಿ ಬಡಸ್ತಾರ.

ಗದಗ ದಾಟಿ ಹನ್ನೆರಡು ಕಿಲೋಮೀಟರಿಗೆ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅಂತಾರ ಆ ಊರಿಗೆ. ನಾವು ನೋಡಿದ್ದು ಬ್ರಹ್ಮ ಜಿನಾಲಯ, 1007ರಾಗ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಕಾವ್ಯವನ್ನ ಸಾವಿರ ಪ್ರತಿ ಓಲೆಗರಿಯಾಗ ಬರೆಸಿ ಹಂಚಿದಾಕಿ. ಅಚ್ಚುಕೂಟ ಇಲ್ಲದ ಕಾಲ, ಒಂದೊಂದೂ ಕೈಯಾಗ ಬರೀಬೇಕು! ರನ್ನ ಅಜಿತಪುರಾಣ ಬರ್ದಿದ್ದೂ ಆಕಿಯ ಆಶ್ರಯದಾಗ. ಆಕೀನೂ, ಆಕಿ ತಂಗಿ ಗುಂಡಮಬ್ಬೆನೂ ಇಬ್ಬರೂ ದಂಡನಾಯಕ ನಾಗದೇವನ ಹೆಂಡಂದಿರು. ಅವನು ತೀರಿಕೊಂಡಾಗ ತಂಗಿ ಸಹಗಮನ ಮಾಡಿದ್ಲು. ಅತ್ತಿಮಬ್ಬೆ ಸಣ್ಣ ಮಗ ಅಣ್ಣಿಗದೇವನ್ನ ದೊಡ್ಡವನ್ನ ಮಾಡಾಕ ಉಳಿದ್ಲು. ಈ ದಾನ, ಧರ್ಮದ ಬದುಕು ಬೆಳದಿದ್ದು ಆಮ್ಯಾಲೆ.

ಇದನ್ನೆಲ್ಲಾ ಹೇಳಿದಾಗ ಅತ್ತಿಯವ್ರು ಒಂದು ಕಂಬಕ್ಕ ಕೈ ಕೊಟ್ಟು ನಿಂತಿದ್ರು. ಎಷ್ಟೋ ಹೊತ್ತಾದಮ್ಯಾಲೆ, "ಹೋದಾಕಿ ಹೋದ್ಲು. ಉಳದಾಕಿಗೇ ನೋಡವಾ ಕೆಲಸ," ಅಂದ್ರು. ಮತ್ತ ತಾವೇ ಕೇಳಿದ್ರು, "ಮನಿ ಕೀಲಿ ಯಾರ ಕೈಯಾಗ ಕೊಟ್ಟಿ?" ಬಾಜೂ ಮನಿ ಅಕ್ಕನ ಕೈಯಾಗ ಅಂದೆ. "ತುಳಸಿಗೆ ನೀರು ಹಾಕಂತ ಹೇಳಿದ್ಯಾ?" ಅಲ್ಲೇ ಫೋನ್ ಹಚ್ಚಿಕೊಟ್ಟೆ. ತುಳಸಿ, ಹಿತ್ತಲದ ಕರಿಬೇವು, ಹಾಲಿನವನ ಬಾಕಿ, ಒಂದೊಂದೇ ಹೇಳಿ ಮುಗಿಸಿದ್ರು. ಕಡೀಕ ಇಬ್ಬರೂ ಅತ್ತರು. ಮನಿ ಬಿಡೂವಾಗ ಹೊಸ್ತಿಲದಾಗ ಬರಲಾರದ ಕಣ್ಣೀರು ಲಕ್ಕುಂಡಿ ಬಸದಿಯಾಗ ಬಂತು. ನಮ್ಮ ಮನಿಯವ್ರು ತಡ ಆತು ಅಂತ ವಾಚ್ ನೋಡಾಕ ಹತ್ತಿದ್ರು, ನಾ ಕಣ್ಣಿಲೇ ಸುಮ್ಮನಿರ್ರಿ ಅಂದೆ.

ಕೊಪ್ಪಳ, ಹೊಸಪೇಟಿ ದಾಟಿ ರಾತ್ರಿ ಚಿತ್ರದುರ್ಗದಾಗ ವಸ್ತಿ ಮಾಡಿದ್ವಿ. ಮರುದಿನ ಕೋಟಿ. ಅತ್ತಿಯವ್ರು ಬಾಗಿಲ ಹತ್ರಾನೇ ನೆರಳಿಗೆ ಕೂತ್ರು, ನಾ ಒಬ್ಬಾಕಿ ಹೋಗಿ ಒನಕೆ ಓಬವ್ವನ ಕಿಂಡಿ ನೋಡಿ ಬಂದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತೂರಿ ಬರೂವಾಗ ಒನಕಿಯಿಂದ ಹೊಡದಾಕಿ ಅಂತ ನಮಗೆಲ್ಲಾ ಗೊತ್ತೈತಿ. ಅತ್ತಿಯವ್ರಿಗೆ ನೆನಪಾಗಿದ್ದು ಬೇರೆ. "ಗಂಡ ಉಣ್ಣಾಕ ಕೂತಿದ್ದ, ಆಕಿ ನೀರು ತರಾಕ ಹೋಗಿದ್ಲು. ಉಣ್ಣೋವನ್ನ ಎಬ್ಬಸಬಾರದಂತ ತಾನೇ ನಿಂತ್ಲು. ಮನಿ ಹೆಂಗಸು ಅಂದ್ರ ಹಂಗೇ." ಆಮ್ಯಾಲೆ ಕಾರಿನ್ಯಾಗ ಹಳೇ ಬಾಗಲಕೋಟಿ ಮನಿ ಸುದ್ದಿ ತಗದವ್ರು ತುಮಕೂರು ಬರೂಮಟಾ ನಿಲ್ಲಿಸಲಿಲ್ಲ.

ನಿಮ್ಮ ಮನಿಯಾಗೂ ಹಿರೇರು ಊರು ಬಿಟ್ಟು ಬರೂದಿದ್ರ ಒಂದೇ ದಿನದಾಗ ಮುಟ್ಟಸೂ ಅವಸರ ಮಾಡಬ್ಯಾಡ್ರಿ. ಎರಡು ದಿನ ಇಟ್ಟುಕೊಳ್ರಿ, ದಿನಕ್ಕ ಮೂರಕ್ಕಿಂತ ಹೆಚ್ಚು ಜಾಗ ಬ್ಯಾಡ. ಕಾಲಿಗೆ ದಪ್ಪನ ಸಾಕ್ಸ್, ಕೂಡಾಕ ಒಂದು ಜಮಖಾನಿ, ಗುಳಿಗಿ ಡಬ್ಬಿ ಕೈಗೆ ಸಿಗೂ ಹಂಗ ಇರಲಿ. ಬನಶಂಕರಿ ರೊಟ್ಟಿ ನಾಕು ಹೆಚ್ಚಿಗಿ ಕಟ್ಟಿಸಿಕೊಳ್ರಿ, ದುರ್ಗದಾಗ ರಾತ್ರಿ ನಮಗ ಅವೇ ಊಟ ಆದ್ವು.