ಗಂಡುಮಕ್ಕಳ ತಾಯಂದಿರು

ಸೋದರಿಯರೇ, ಮಕ್ಕಳನ್ನು ಸಾಕುವ ವಿಚಾರವಾಗಿ ಇಂತಹ ಸಂಚಿಕೆಗಳಲ್ಲಿ ಬರೆಯುವವರು ತೊಟ್ಟಿಲ ಕೂಸನ್ನೂ ಶಾಲೆಗೆ ಹೋಗುವ ಬಾಲಕನನ್ನೂ ಕುರಿತು ಬರೆಯುವುದು ವಾಡಿಕೆ. ಮೂವತ್ತೈದು ವರುಷದ ಮಗನನ್ನು ಸಾಕುವ ಕಷ್ಟವನ್ನು ಕುರಿತು ಬರೆದವರನ್ನು ನಾವು ಕಾಣೆವು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿರುವ ನಮ್ಮ ನೆಂಟರಿಷ್ಟರ ಮನೆಗಳಿಗೆ ಹೋಗಿಬರುವಾಗ ಈಚೆಗೆ ನಮ್ಮ ಕಿವಿಗೆ ಬೀಳುವ ದುಃಖವು ಬಹುಮಟ್ಟಿಗೆ ಇದೊಂದೇ. ಮಗನು ಬೇಸಾಯಗಾರನು, ಹೊಲವುಂಟು, ಮನೆಯುಂಟು, ಗುಣವೂ ಉಂಟು, ಹೆಣ್ಣು ಮಾತ್ರ ಸಿಕ್ಕದು.

ಇದು ಒಬ್ಬಿಬ್ಬರ ಹಣೆಬರಹವಲ್ಲ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧೂವರರ ಸಮಾವೇಶವು ನಡೆದಾಗ ವರರು ಹತ್ತು ಸಾವಿರಕ್ಕೂ ಮಿಕ್ಕಿದ್ದರೆಂದೂ ಕನ್ಯೆಯರು ಸುಮಾರು 250 ಮಂದಿ ಮಾತ್ರವೆಂದೂ ಪತ್ರಿಕೆಗಳು ವರದಿ ಮಾಡಿದವು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಮದುವೆಯಾಗದ ತರುಣರ ಗುಂಪೊಂದು ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಿತು. ಬ್ರಹ್ಮಚಾರಿಗಳ ಪಾದಯಾತ್ರೆಯೆಂದು ಅದು ಹೆಸರಾಯಿತು. ಪೇಟೆಯಲ್ಲಿ ಓದಿದವರು ನಕ್ಕರು. ಮನೆಗಳಲ್ಲಿ ತಾಯಂದಿರು ನಗಲಿಲ್ಲ.

ಪಾಂಡವಪುರದ ಕಡೆ ನಾಲೆಯ ಬಯಲಿನಲ್ಲಿ ನಮ್ಮ ಬಂಧುಗಳಾದ ತಾಯಿಯೊಬ್ಬರು ಇದ್ದಾರೆ. ವಯಸ್ಸು ಅರವತ್ತು ದಾಟಿರುವುದು. ಕತ್ತಲಿರುವಾಗಲೇ ಎದ್ದು ಎರಡು ಹಸುಗಳನ್ನು ಕರೆದು, ಡೈರಿಗೆ ಹಾಲು ಹಾಕಿ ಬಂದು, ಮಗನು ಗದ್ದೆಯಿಂದ ಬರುವುದರೊಳಗೆ ಮುದ್ದೆಗೆ ಎಸರಿಡುವರು. ಈ ದುಡಿಮೆ ಅವರಿಗೆ ಹೊಸದಲ್ಲ. ಅವರನ್ನು ತಿನ್ನುವುದು ಊಟದ ಹೊತ್ತಿನ ಮೌನ. “ಒಂದ್ ಮಾತಾಡುದ್ರೆ ರೇಗ್ತಾನೆ, ಸುಮ್ಕಿದ್ರೆ ಅವನೂ ಸುಮ್ಕೇ ಕಣವ್ವ” ಎಂದು ಒಮ್ಮೆ ನಮ್ಮೊಡನೆ ಹೇಳಿಕೊಂಡರು. ಲಗ್ನಪತ್ರಿಕೆ ಬಂದರೆ ಮಗನ ಕಣ್ಣಿಗೆ ಬೀಳದಂತೆ ಅಕ್ಕಿಯ ಡಬ್ಬದ ಹಿಂದೆ ಇಡುವರು. ಮದುವೆಯ ಮನೆಗೆ ತಾವೊಬ್ಬರೇ ಹೋಗುವರು, ಅಲ್ಲಿ “ನಿಮ್ಮ ಹುಡುಗನ ಮದುವೆ ಊಟ ಯಾವಾಗ?” ಎಂಬ ಪ್ರಶ್ನೆಗೆ ನಗುನಗುತ್ತಾ ಉತ್ತರ ಕೊಟ್ಟು, ಹಿಂದಿರುಗುವಾಗ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರಸಿಕೊಳ್ಳುವರು. ಗಂಜಾಮಿನ ನಿಮಿಷಾಂಬೆಗೆ ಹರಕೆಯಾಯಿತು. ಹೆಣ್ಣು ತೋರಿಸುವೆನೆಂದ ದಲ್ಲಾಳಿಯೊಬ್ಬನು ಹಣವನ್ನು ಪಡೆದು ಮರೆಯಾದುದೂ ಆಯಿತು. ರಾತ್ರಿ ಮಗನು ತಡವಾಗಿ, ಕುಡಿದ ವಾಸನೆಯೊಡನೆ ಬಂದ ದಿನ, ಆಕೆಯು ನಿದ್ರೆಬಂದವರಂತೆ ಮಲಗಿರುವರು. ಬೆಳಿಗ್ಗೆ ಇಬ್ಬರೂ ಆ ಮಾತನ್ನೆತ್ತುವುದಿಲ್ಲ.

ಇದೇ ತಾಯಿಗೆ ಮಗಳೊಬ್ಬಳುಂಟು. ಆಕೆಯನ್ನು ಪದವಿಯವರೆಗೆ ಓದಿಸಿ ಬೆಂಗಳೂರಿನ ಉದ್ಯೋಗಸ್ಥನಿಗೆ ಕೊಟ್ಟರು. “ನನ್ನಂಗೆ ಸಗಣಿ ಬಾಚೋದು ನನ್ ಮಗಳಿಗೆ ಬ್ಯಾಡ” ಎಂದು ಹಟ ಹಿಡಿದವರು ಆಕೆಯೇ. ನೆರೆಮನೆಯ ತಾಯಿಯೂ ತನ್ನ ಮಗಳಿಗೆ ಅದನ್ನೇ ಕಲಿಸಿದಳು. ಆದಕಾರಣ ಆ ಮಗಳು ಈ ಮನೆಯ ಮಗನನ್ನು ಒಲ್ಲೆನೆನ್ನುತ್ತಾಳೆ. ಈ ಕಾಲದ ಹುಡುಗಿಯರಿಗೆ ಗರ್ವವೆಂದು ಜಗಲಿಯ ಮೇಲೆ ಕುಳಿತು ಹೇಳುವ ಹಿರಿಯರ ಮಾತನ್ನು ನಾವು ಒಪ್ಪಲಾರೆವು. ಹುಡುಗಿಯು ತಾಯಿಯ ಮಾತನ್ನು ಪಾಲಿಸುತ್ತಿದ್ದಾಳೆ, ಅಷ್ಟೇ. ಬೇಸಾಯವಾದರೂ ಏನು ಭರವಸೆ ಕೊಡುವುದು? 2023ರಲ್ಲಿ ಮಳೆಯು ಕೈಕೊಟ್ಟು ಕನ್ನಂಬಾಡಿಯು ತುಂಬಲಿಲ್ಲ. ನಾಲೆಯನ್ನು ನಂಬಿದವರ ಮನೆಗಳಲ್ಲಿಯೂ ಕಳವಳ ಹೊಕ್ಕಿತು.

ನಾಗಮಂಗಲದ ರಾಗಿಯ ಹೊಲಗಳ ಕಡೆ ಹೋದರೆ ಮತ್ತೊಂದು ವಿಪರೀತವನ್ನು ಕಾಣಬಹುದು. ಅಣ್ಣನು ಬೆಂಗಳೂರಿಗೆ ಹೋಗಿ ಬಾಡಿಗೆಯ ಮನೆಯಲ್ಲಿರುವನು, ಅವನಿಗೆ ಮದುವೆಯಾಯಿತು. ತಮ್ಮನು ತಂದೆತಾಯಿಗಳನ್ನು ನೋಡಿಕೊಳ್ಳಲು ಊರಿನಲ್ಲಿ ಉಳಿದನು, ಅವನಿಗೆ ಆಗಲಿಲ್ಲ. ಕೃಷ್ಣರಾಜಪೇಟೆಯ ಸೀಮೆಯಿಂದ ಮುಂಬಯಿಗೆ ಹೋದವರು ಬಹಳ ಮಂದಿ. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ಅವರು ಹಿಂದಿರುಗಿದಾಗಲೇ ಅದು ನಾಡಿಗೆಲ್ಲ ತಿಳಿದದ್ದು. ಅಲ್ಲಿಯೂ ಹಾಗೆಯೇ, ಊರು ಬಿಟ್ಟವನಿಗೆ ಹೆಣ್ಣು, ತಾಯಿಯ ಬಳಿ ಉಳಿದವನಿಗೆ ಇಲ್ಲ. ಕರ್ತವ್ಯಕ್ಕೆ ಈ ಬಗೆಯ ದಂಡವನ್ನು ನಾವು ಬೇರೆಲ್ಲೂ ಕಾಣೆವು. ದಾಂಪತ್ಯದ ಒಲವನ್ನು ಹಾಡಿ 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ಕನ್ನಡಿಗರ ಕೈಗಿತ್ತ ಕೆ. ಎಸ್. ನರಸಿಂಹಸ್ವಾಮಿಯವರು ಇದೇ ತಾಲ್ಲೂಕಿನ ಕಿಕ್ಕೇರಿಯವರೆಂಬುದು ಇಲ್ಲಿ ನಮಗೆ ಸುಮ್ಮನೆ ನೆನಪಾಗುವುದು.

ಹೇಳಲು ನಾಲಿಗೆ ತಡವರಿಸುವ ಸಂಗತಿಯೊಂದು ಉಳಿದಿದೆ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿಯುವುದನ್ನು 1994ರ ಕಾಯಿದೆಯು ನಿಷೇಧಿಸಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯದ ಸಮೀಪದ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟು ಆ ಪರೀಕ್ಷೆಯನ್ನು ಮಾಡುತ್ತಿದ್ದರೆಂಬುದು ಬಯಲಾಯಿತು. ಆಲೆಮನೆಯೆಂದರೆ ನಮಗೆ ಬಾಲ್ಯದ ಬಿಸಿಬೆಲ್ಲದ ವಾಸನೆ! ಇಂದು ಸೊಸೆಯರಾಗಿ ಬರಬೇಕಾಗಿದ್ದ ಕೆಲವರು ಹುಟ್ಟಲೇ ಇಲ್ಲ. ಅದಕ್ಕೆ ಒಪ್ಪಿದ ತಾಯಂದಿರನ್ನು ನಿಂದಿಸುವುದು ಸುಲಭ. ಆಗ ಅವರ ಸುತ್ತ ನಿಂತಿದ್ದ ಅತ್ತೆ, ಗಂಡ, ಓರಗಿತ್ತಿಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಗನ ಮನಸ್ಸು ಕುಗ್ಗಿರುವಾಗ “ಒಂದು ಗಂಟು ಹಾಕಿಬಿಡಿ, ಸರಿಹೋಗುತ್ತಾನೆ” ಎಂಬ ಸಲಹೆ ಊರಿನಲ್ಲಿ ಧಾರಾಳವಾಗಿ ದೊರೆಯುವುದು. ಗಂಟು ಹಾಕಲು ಆಗದಿರುವುದೇ ಇಲ್ಲಿಯ ತೊಂದರೆಯೆಂಬುದು ಸಲಹೆಗಾರರಿಗೆ ಮರೆತಿರುತ್ತದೆ. ಇದಲ್ಲದೆ ಬಂದ ಸೊಸೆಯೇನು ಔಷಧದ ಸೀಸೆಯೇ? 2022ರ ಅಕ್ಟೋಬರಿನಲ್ಲಿ ಸರ್ಕಾರದವರು ಟೆಲಿ ಮಾನಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಾವು ಇದನ್ನು ಹೇಳಿದ ಮನೆಗಳಲ್ಲಿ “ನಮಗೇನು ಹುಚ್ಚೇ?” ಎಂದವರೇ ಹೆಚ್ಚು. ಮೇಲೆ ಹೇಳಿದ ತಾಯಿಯು ಮಾತ್ರ ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಮೊಮ್ಮಗಳ ಕೈಯಿಂದ ಬರೆಸಿಕೊಂಡರು. ಫೋನು ಮಾಡಿದವರು ಮಗನೋ ತಾಯಿಯೋ ನಾವು ಕೇಳಲಿಲ್ಲ. ಈಗ ಊಟದ ಹೊತ್ತಿನಲ್ಲಿ ಹಸುವಿನ ವಿಚಾರವನ್ನಾದರೂ ಇಬ್ಬರೂ ಆಡಿಕೊಳ್ಳುವರಂತೆ.

ನಾಗಮಂಗಲದ ಕಡೆಯ ಮತ್ತೊಂದು ಮನೆಯಲ್ಲಿ ಕಳೆದ ಬೇಸಗೆಯಲ್ಲಿ ಹೆಣ್ಣಿನವರು ಬಂದಿದ್ದರು. ಹೆಣ್ಣಿನ ತಾಯಿಯು ಹೊಲವೆಷ್ಟೆಂದು ಕೇಳಲಿಲ್ಲ. ನೇರವಾಗಿ ಹಿತ್ತಲಿಗೆ ನಡೆದು, ಬಚ್ಚಲನ್ನು ನೋಡಿ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ಹಾಲು ಕರೆಯೋರು ಯಾರಪ್ಪ?” ಎಂದರು. “ನಾನೇ ಕಣವ್ವ, ಸಗಣಿ ಬಾಚೋದೂ ನಾನೇ” ಎಂದನು ಹುಡುಗ. ಆಕೆ ಅವನ ಕೈಗಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಒಳಗೆ ಬಂದು, ಮೊದಲು ಬೇಡವೆಂದಿದ್ದ ಕಾಫಿಯನ್ನು ಕುಡಿದರು.