ಒಂದೇ ಪಿಸ್ಟನ್, ನಾಲ್ಕು ಚಕ್ರ

ಮದ್ದೂರಿನ ನಮ್ಮ ಮನೆಯಲ್ಲಿ ದಾದಾ ಕಾಲದ ಅಂಬಾಸಿಡರ್ ಕಾರು ಇನ್ನೂ ಓಡುತ್ತಿದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಕಳೆದ ತಿಂಗಳು ಬ್ರೇಕ್ ಒತ್ತಿದರೆ ಪೆಡಲ್ ಮೆಲ್ಲಗೆ ಕೆಳಗಿಳಿಯತೊಡಗಿತು. ಮಂಡ್ಯದ ಮೆಕ್ಯಾನಿಕ್ ಚಾಚಾ ಮಾಸ್ಟರ್ ಸಿಲಿಂಡರ್ ಬಿಚ್ಚಿ ತೋರಿಸಿದರು. ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿತ್ತು.

ಅಬ್ಬಾ, "ರಬ್ಬರ್ ಕಿಟ್ ಹಾಕಿ, ಸಾಕು" ಎಂದರು. "ಈ ಗುಳಿ ಹೊಸ ರಬ್ಬರನ್ನೂ ತಿನ್ನುತ್ತೆ" ಎಂದರು ಚಾಚಾ. ನಮ್ಮದು ಒಂದೇ ಪಿಸ್ಟನ್ನಿನದು. ಅದು ಕೈಕೊಟ್ಟರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಹೊಸದರ ಬೋರ್ ಹಳೆಯದರಷ್ಟೇ ಇರಬೇಕು: ದೊಡ್ಡದಾದರೆ ಪೆಡಲ್ ಬಿಗಿ, ಚಿಕ್ಕದಾದರೆ ಆಳಕ್ಕಿಳಿಯುತ್ತದೆ.

ಕಾಮರ್ಸ್ ಓದುವ ನಾನು ಲೆಕ್ಕ ಹಾಕಿದೆ: ಎರಡು ಸಲದ ಕೂಲಿ, ಎರಡು ಸಲದ ಬ್ರೇಕ್ ಆಯಿಲ್ ಸೇರಿದರೆ ಕಿಟ್ ಅಗ್ಗವಲ್ಲ. ಅಮ್ಮಿ ಹೇಳಿದರು, "ಮಳವಳ್ಳಿಗೆ ಹೋಗುವಾಗ ಹಿಂದೆ ಮಕ್ಕಳು ಕೂತಿರುತ್ತಾರೆ." ಅಬ್ಬಾ ಹೊಸದನ್ನೇ ತರಿಸಿದರು.